ಮಾವಿನಕಾಯಿ ಹೆಚ್ಚಿದ ಮೇಲೆ ಮಡಚುವ ಚಾಕು ಕಪ್ಪಾಗಿದೆ, ಹಾಳಾಯ್ತಾ?

ಹಾಳಾಗಿಲ್ಲ. ಆ ಕಪ್ಪನ್ನು ಉಜ್ಜಿ ತೆಗೆಯಬೇಡಿ, ಅದು ಅಲಗಿಗೆ ಒಳ್ಳೆಯದೇ.

ಹಳೇ ಮಾದರಿಯ ಅಗ್ಗದ ಚಾಕುಗಳಲ್ಲಿ ಕಾರ್ಬನ್ ಉಕ್ಕಿನ ಅಲಗು ಜಾಸ್ತಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ, ತುಕ್ಕನ್ನು ತಡೆಯುವುದು ಅದೇ. ಕಾರ್ಬನ್ ಉಕ್ಕಿನಲ್ಲಿ ಅಷ್ಟು ಕ್ರೋಮಿಯಂ ಇರುವುದಿಲ್ಲ. ಹಾಗಾಗಿ ಮಾವಿನಕಾಯಿಯ ಹುಳಿ ತಾಗಿದರೆ ಮೇಲಿನ ಕಬ್ಬಿಣದ ಜೊತೆ ಸೇರಿ ತೆಳುವಾದ ಕಪ್ಪು ಪದರ ಕಟ್ಟುತ್ತದೆ. ಈ ಪದರ ಅಲಗಿಗೆ ಅಂಟಿಕೊಂಡೇ ಇದ್ದು ಮುಂದೆ ತುಕ್ಕು ಹಿಡಿಯುವುದನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಕೆಂಪು ತುಕ್ಕು ಹಾಗಲ್ಲ. ಪುಡಿಯಾಗಿ ಉದುರುತ್ತದೆ, ಅದರಡಿ ಮತ್ತೆ ಹೊಸ ತುಕ್ಕು ಶುರುವಾಗುತ್ತದೆ. ಬಟ್ಟೆಯಲ್ಲಿ ಒರೆಸಿದಾಗ ಕೆಂಪು ಪುಡಿ ಬಂದರೆ ಮಾತ್ರ ಎಣ್ಣೆ ಹಚ್ಚಿ ಉಜ್ಜಿ ತೆಗೆಯಿರಿ.

ಕಪ್ಪಾಗುತ್ತೆ ಅಂತ ಸುಮ್ನೆ ಸ್ಟೇನ್‌ಲೆಸ್ ಚಾಕು ಕೊಳ್ಳಬೇಡಿ. ಕಾರ್ಬನ್ ಉಕ್ಕನ್ನು ಸಾಧಾರಣ ಸಾಣೆಕಲ್ಲಿನ ಮೇಲೆ ಮಸೆದರೂ ಬೇಗ ಹರಿತವಾಗುತ್ತದೆ. ತೋಟದ ಕೆಲಸಕ್ಕೆ ಅದಲ್ವಾ ಮುಖ್ಯ? 1890ರಲ್ಲಿ ಶುರುವಾದ ಫ್ರಾನ್ಸಿನ ಒಪಿನೆಲ್ ಚಾಕು ಇವತ್ತಿಗೂ ಕಾರ್ಬನ್ ಉಕ್ಕಿನಲ್ಲಿ ಸಿಗುತ್ತದೆ. ಜಪಾನಿನ ಹಿಗೊನೊಕಾಮಿ ಎಂಬ ಮಡಚುವ ಚಾಕುವೂ ಅಷ್ಟೇ.

ನಿಜವಾಗಿ ಕೆಡುವುದು ಅಲಗು ಮಡಚುವ ಕೀಲು. ಅಲ್ಲಿ ನಿಂತ ನೀರು ಕಣ್ಣಿಗೆ ಕಾಣುವುದಿಲ್ಲ. ಕೆಲಸ ಆದ ತಕ್ಷಣ ತೊಳೆದು, ಒರೆಸಿ, ಸ್ವಲ್ಪ ಹೊತ್ತು ತೆರೆದಿಟ್ಟು, ಆಮೇಲೆ ಮಡಚಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅಲಗಿಗೂ ಕೀಲಿಗೂ ಎಣ್ಣೆ ಸವರಿ. ಚರ್ಮದ ಚೀಲದೊಳಗೆ ಮಾತ್ರ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.