ಅಪ್ಪನ ಲೈಸೆನ್ಸ್ ಕೋವಿಯನ್ನು ನಾನು ಕಾರಿನಲ್ಲಿ ಮೈಸೂರಿಗೆ ಒಯ್ಯಬಹುದಾ?

ನಿಮ್ಮ ಮನೆ ಕೊಡಗಿನ ಕುಟ್ಟದ ಹತ್ತಿರ. ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಗೆ ತೆಗೆದುಕೊಂಡ ಜೋಡಿ ನಳಿಗೆ ಕೋವಿ ಇದೆ, ಕೆಟ್ಟಿದೆ. ಅವರಿಗೆ ಮಂಡಿ ನೋವು, ಅಷ್ಟು ದೂರ ಕೂರಲು ಆಗಲ್ಲ. ನೀವೊಬ್ಬರೇ ಕಾರಿನ ಡಿಕ್ಕಿಯಲ್ಲಿಟ್ಟು ಮೈಸೂರಿಗೆ ರಿಪೇರಿಗೆ ಒಯ್ಯಬಹುದಾ ಅಂತ ಕೇಳಿದ್ದೀರಿ.

ಒಯ್ಯಬಹುದು. ಆದರೆ ಡಿಕ್ಕಿಯಲ್ಲೋ ಸೀಟಿನ ಮೇಲೋ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಯಾರ ಹೆಸರಿನ ಕೋವಿ, ಯಾರ ಕೈಯಲ್ಲಿದೆ, ಯಾಕೆ ಹೊರಟಿದೆ, ಯಾವ ದಾರಿಯಲ್ಲಿ ಹೊರಟಿದೆ, ಕಾನೂನು ನೋಡುವುದು ಇದನ್ನೇ.

ಮೊದಲು ಹೆಸರಿನ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದವರು ಕೋವಿ ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತೆಯೂ ಇಲ್ಲ. ಮಗ ಅನ್ನುವ ಕಾರಣಕ್ಕೆ ರಿಯಾಯಿತಿ ಇಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ನಿಮ್ಮಂಥವರಿಗಾಗಿಯೇ ಒಂದು ದಾರಿ ಇಟ್ಟಿದ್ದಾರೆ: ಲೈಸೆನ್ಸ್ ಇರುವವರು ಜೊತೆಯಲ್ಲಿದ್ದರೆ, ಇಲ್ಲವೇ ಅವರು ಬರೆದು ಕೊಟ್ಟ ಒಪ್ಪಿಗೆ ನಿಮ್ಮ ಕೈಯಲ್ಲಿದ್ದರೆ, ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಅಥವಾ ಅವರ ಬಳಕೆಗೆ ಅಂತ ಬೇರೆಯವರು ಕೋವಿ ಒಯ್ಯಬಹುದು. ಬಾಯಿಮಾತು ಸಾಲದು, ಬರಹ ಬೇಕು. ಹಾಗಾಗಿ ಅಪ್ಪನ ಕೈಯಿಂದ ಒಂದು ಕಾಗದ ಬರೆಸಿ. ಅದರಲ್ಲಿ ನಿಮ್ಮ ಹೆಸರು, ಕೋವಿಯ ನಂಬರ್, ಲೈಸೆನ್ಸ್ ನಂಬರ್, ಯಾವ ಅಂಗಡಿಗೆ, ಯಾವ ದಿನ ಹೋಗಿ ಯಾವ ದಿನ ಬರುವುದು, ರಿಪೇರಿಗೆ ಅನ್ನುವ ಮಾತು, ಕೆಳಗೆ ಅವರ ಸಹಿ ಇರಲಿ. ಜೊತೆಗೆ ಲೈಸೆನ್ಸ್ ಪುಸ್ತಕದ ಮೂಲ ಪ್ರತಿ. ಪೊಲೀಸರಿಗೆ 19ನೇ ಸೆಕ್ಷನ್ನಿನಲ್ಲಿ ಲೈಸೆನ್ಸ್ ತೋರಿಸಿ ಅನ್ನುವ ಅಧಿಕಾರ ಇದೆ, ತೋರಿಸಲಾಗದಿದ್ದರೆ ಕೋವಿ ವಶಕ್ಕೆ ಹೋಗಬಹುದು. ಲೈಸೆನ್ಸ್ ಇಲ್ಲದೆ ಕೋವಿ ಒಯ್ದದ್ದು ಸಾಬೀತಾದರೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಒಂದು ಕಾಗದ ಬರೆಸಲು ಬೇಜಾರು ಮಾಡಿಕೊಳ್ಳುವ ವಿಷಯ ಇದಲ್ಲ.

ಹೊರಡುವ ಮೊದಲು ಲೈಸೆನ್ಸ್ ಅವಧಿ ಮುಗಿದಿಲ್ಲ ತಾನೇ ಅಂತ ನೋಡಿ, ಯುಐಎನ್ ನಂಬರ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯಾ ಅಂತಲೂ ನೋಡಿ. ಅಂಗಡಿಗೂ ರಿಪೇರಿ ಲೈಸೆನ್ಸ್ ಇರಲೇಬೇಕು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಬಿಡೋಣ ಅನ್ನುವ ಯೋಚನೆ ಬೇಡವೇ ಬೇಡ.

ಈಗ ದಾರಿ. ನನಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ, ಯಾಕೆಂದರೆ ನಿಮ್ಮ ಕಡೆಯವರು ಹುಣಸೂರಿಗೆ ಹೋಗುವಾಗ ಯೋಚನೆಯೇ ಮಾಡದೆ ನಾಗರಹೊಳೆ ರಸ್ತೆ ಹಿಡಿಯುತ್ತಾರೆ. 1972ರ ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದ ಒಳಗೆ ಆಯುಧ ಒಯ್ಯುವಂತಿಲ್ಲ. ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ನಿಮ್ಮ ಲೈಸೆನ್ಸ್ ಎಷ್ಟೇ ಸರಿ ಇರಲಿ, ಅದು ಬೇರೆ ಕಾಯ್ದೆ, ಇದು ಬೇರೆ ಕಾಯ್ದೆ. ಅಪರಾಧಕ್ಕೆ ಬಳಸಿದ ವಾಹನವನ್ನೂ ಅರಣ್ಯ ಇಲಾಖೆ ಹಿಡಿಯಬಹುದು. ತಿತಿಮತಿ ಮೇಲೆ ಹೋದರೂ ಆನೆಚೌಕೂರಿನಲ್ಲಿ ಕಾಡಿನ ನಡುವೆಯೇ ಹೋಗಬೇಕು. ಸುತ್ತಾದರೂ ಪರವಾಗಿಲ್ಲ, ವಿರಾಜಪೇಟೆ, ಸಿದ್ದಾಪುರ, ಕುಶಾಲನಗರ, ಪಿರಿಯಾಪಟ್ಟಣ ಹೀಗೆ ಹೋಗಿ. ಹಗಲಲ್ಲೇ ಹೋಗಿ.

'ಕೊಡಗಿನವರಿಗೆ ಲೈಸೆನ್ಸೇ ಬೇಡ' ಅಂತ ಹೇಳುವವರೂ ಇದ್ದಾರೆ. ಅರ್ಧ ಮಾತು ಅದು. 1861ರಿಂದ ಬಂದ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ನಿಮ್ಮ ಅಪ್ಪನದು ಲೈಸೆನ್ಸ್ ಕೋವಿ, ಆ ವಿನಾಯಿತಿಯ ಮಾತು ನಿಮಗೆ ಚೆಕ್‌ಪೋಸ್ಟಿನಲ್ಲಿ ಉಪಯೋಗಕ್ಕೆ ಬರಲ್ಲ. ವಿನಾಯಿತಿ ಇರುವವರೂ ಆ ವಿನಾಯಿತಿಯ ಪತ್ರ ಜೊತೆಗೆ ಇಟ್ಟುಕೊಂಡೇ ಓಡಾಡುವುದು ಒಳ್ಳೆಯದು, ನಾಗರಹೊಳೆಯ ನಿಯಮ ಅವರನ್ನೂ ಬಿಡುವುದಿಲ್ಲ.

ಕಾರಿನಲ್ಲಿ ಇಡುವ ಬಗೆ: ತೋಟಾ (ಕಾರ್ಟ್ರಿಜ್) ತೆಗೆದಿರಬೇಕು, ನಳಿಗೆ ಬೇರೆ ಹಿಡಿ ಬೇರೆ ಕಳಚಿ, ಅದಕ್ಕೆಂದೇ ಇರುವ ಚೀಲದಲ್ಲಿ ಪೂರ್ತಿ ಮುಚ್ಚಿ ಇಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಕೋವಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲೇ ಇರಬೇಕು ಅನ್ನುತ್ತವೆ. ಅಂದರೆ ಹುಣಸೂರಿನಲ್ಲಿ ಕಾರು ನಿಲ್ಲಿಸಿ, ಕೋವಿಯನ್ನು ಒಳಗೇ ಬಿಟ್ಟು ಊಟಕ್ಕೆ ಹೋಗುವುದು ತಪ್ಪು. ಕಳುವಾದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು. ದಾರಿಯಲ್ಲಿ ಜಾತ್ರೆಗೋ ಮದುವೆಗೋ ಇಳಿಯಬೇಡಿ, ಜಾತ್ರೆ, ಮೆರವಣಿಗೆ, ಶಾಲೆ ಕಾಲೇಜಿನ ಆವರಣಕ್ಕೆ ಕೋವಿ ಒಯ್ಯಬಾರದು ಅನ್ನುವುದು ಲೈಸೆನ್ಸಿನ ಷರತ್ತು.

ತೋಟಾ ಮನೆಯಲ್ಲೇ ಬಿಡಿ. ರಿಪೇರಿಗೆ ಅದು ಯಾಕೆ? ಕಾರಿನ ಡ್ಯಾಶ್‌ಬೋರ್ಡ್, ಸೀಟಿನ ಕೆಳಗೆ, ಅಪ್ಪನ ಹಳೆ ಜಾಕೆಟ್ ಜೇಬು ಎಲ್ಲ ಒಮ್ಮೆ ತಡಕಿ ನೋಡಿ. ಕಾನೂನಿನಲ್ಲಿ ಒಂದು ತೋಟಾ ಕೂಡ ಮದ್ದುಗುಂಡೇ. ತೋಟಕ್ಕೆ ಹೋದಾಗ ಕಾರಿನಲ್ಲಿ ಬಿದ್ದ ಒಂದು ತೋಟಾ ಗೊತ್ತಿಲ್ಲದೆ ಅಲ್ಲೇ ಉಳಿದು, ಮಗಳೋ ಅಳಿಯನೋ ಅದೇ ಕಾರಿನಲ್ಲಿ ಬೆಂಗಳೂರಿಗೆ ಹೋಗಿ ಸಿಕ್ಕಿಬಿದ್ದರೆ, 'ನನಗೆ ಗೊತ್ತೇ ಇರಲಿಲ್ಲ' ಅನ್ನುವುದನ್ನು ಅವರು ಕೋರ್ಟಿನಲ್ಲಿ ಹೇಳಿ ಒಪ್ಪಿಸಬೇಕಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಆನೆ ಬರುತ್ತದೆ ಅಂತ ನಮ್ಮ ಕಡೆ ತುಂಬಿದ ಕೋವಿಯನ್ನು ಜೀಪಿನಲ್ಲಿ ಸೀಟಿನ ಪಕ್ಕ ಒರಗಿಸಿ ಓಡಾಡುವವರಿದ್ದಾರೆ. ತೋಟದ ರಸ್ತೆಯ ಕುಲುಕಾಟಕ್ಕೆ ಕೋವಿಯ ಕುದುರೆ (ಟ್ರಿಗರ್) ಯಾವಾಗ ತಗಲುತ್ತದೆ ಅಂತ ಹೇಳಲಾಗದು, ಪಕ್ಕದಲ್ಲಿ ಕೂತಿರುವುದು ಮನೆಯ ಮಗುವೇ ಆಗಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 20ನೇ ಸೆಕ್ಷನ್ ಓದಿದರೆ ಇನ್ನೊಂದೂ ಗೊತ್ತಾಗುತ್ತದೆ: ಲೈಸೆನ್ಸ್ ಇರಲಿ ಇಲ್ಲದಿರಲಿ, ಕೆಟ್ಟ ಉದ್ದೇಶಕ್ಕೆ ಅನ್ನುವ ಅನುಮಾನಕ್ಕೆ ಸರಿಯಾದ ಕಾರಣ ಇದ್ದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಪೊಲೀಸರಷ್ಟೇ ಅಲ್ಲ, ಬಸ್ಸಿನ ಕಂಡಕ್ಟರ್ ಕೂಡ. ರಾತ್ರಿ ಹೊತ್ತು, ಕಾಡಿನ ಅಂಚು, ದೊಡ್ಡ ಟಾರ್ಚು, ತುಂಬಿದ ಕೋವಿ ಇದ್ದರೆ ಬೇಟೆಗೆ ಹೊರಟವರು ಅಂತಲೇ ಅಂದುಕೊಳ್ಳುತ್ತಾರೆ, ಅಲ್ವಾ?

ಚುನಾವಣೆ ಹತ್ತಿರ ಇದ್ದರೆ ಹೊರಡುವ ಮೊದಲು ಠಾಣೆಗೆ ಫೋನ್ ಮಾಡಿ, ಕೋವಿಯನ್ನು ಠೇವಣಿ ಇಡಲು ಆದೇಶ ಬಂದಿರಬಹುದು. ಅಂಗಡಿಯವರು ಕೋವಿ ಇಟ್ಟುಕೊಂಡರೆ ನಂಬರ್ ಬರೆದ ರಸೀದಿ ಕೇಳಿ ತನ್ನಿ. ವಾಪಸ್ ತರುವ ದಿನ ಬದಲಾದರೆ ಅಪ್ಪನ ಹತ್ತಿರ ಹೊಸ ಕಾಗದ ಬರೆಸಿಕೊಂಡೇ ಹೋಗಿ.