ಸುತ್ತಿಗೆಯ ಹೋಲಿಕೆ ಬೇಡ

ಮಾನ್ಯರೇ,

ನಮ್ಮ ಮುಂಬಯಿ ಸಂಘದ ಪತ್ರಿಕೆಗೆ ನೀವು ಕಳಿಸಿದ ಪರಮಾಣು ವಿದಳನದ (ಪರಮಾಣುವಿನ ನ್ಯೂಕ್ಲಿಯಸ್ ಒಡೆಯುವ ಕ್ರಿಯೆಯ) ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅಚ್ಚು ಹಾಕಲಾಗದು. ಭಾಷೆ ಚೆನ್ನಾಗಿದೆ, ಕೆಡಿಸಿದ್ದು ಒಂದು ಹೋಲಿಕೆ: ‘ವೇಗದ ನ್ಯೂಟ್ರಾನ್ ಸುತ್ತಿಗೆಯಂತೆ ಬಡಿದು ಯುರೇನಿಯಂ ಅನ್ನು ಎರಡು ಸಮಭಾಗ ಮಾಡುತ್ತದೆ.’

ಹಾಗಿದ್ದರೆ ಹೊಡೆತ ಜೋರಾದಷ್ಟೂ ಒಡೆಯುವುದು ಸಲೀಸಾಗಬೇಕಿತ್ತು. ಯುರೇನಿಯಂನ ಹಗುರ ಬಗೆಯಾದ ಯುರೇನಿಯಂ-235ರಲ್ಲಿ (235 ಅದರ ದ್ರವ್ಯರಾಶಿ ಸಂಖ್ಯೆ) ನಡೆಯುವುದು ತಿರುವುಮುರುವು. ಮೆಲ್ಲಗೆ ಬಂದ ನ್ಯೂಟ್ರಾನನ್ನೇ ಅದು ಸುಲಭವಾಗಿ ನುಂಗುವುದು. ನುಂಗಿದ ಕೂಡಲೇ ಬಂಧನ ಶಕ್ತಿಯಾಗಿ ಸುಮಾರು 65 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಒಳಗೇ ಸಿಗುತ್ತದೆ. ಒಡೆಯಲು ಬೇಕಾದದ್ದು ಹೆಚ್ಚುಕಡಿಮೆ 60 ಲಕ್ಷ. ನ್ಯೂಕ್ಲಿಯಸ್ ನೀರಹನಿಯಂತೆ ಅದುರಿ, ಉದ್ದವಾಗಿ, ನಡು ಸಣ್ಣಗಾಗಿ ಹರಿಯುತ್ತದೆ. ಭಾರದ ಬಗೆಯಾದ ಯುರೇನಿಯಂ-238ಕ್ಕೆ ಸಿಗುವುದು 48 ಲಕ್ಷ ಮಾತ್ರ. ಆ ಕೊರತೆ ತುಂಬಲು ವೇಗದ ನ್ಯೂಟ್ರಾನೇ ಬೇಕು. ಲೇಖನವನ್ನು ಈ ಲೆಕ್ಕದ ಸುತ್ತ ಮತ್ತೆ ಕಟ್ಟಿ.

ಹೋಳುಗಳೂ ಸಾಮಾನ್ಯವಾಗಿ ಸಮವಲ್ಲ. ಒಂದರ ದ್ರವ್ಯರಾಶಿ ಸಂಖ್ಯೆ 95ರ ಆಸುಪಾಸು, ಇನ್ನೊಂದರದು 140ರ ಆಸುಪಾಸು. ನಿಮ್ಮ ಸಮೀಕರಣದಲ್ಲಿ ಬೇರಿಯಂ-141, ಕ್ರಿಪ್ಟಾನ್-92, ಎರಡು ನ್ಯೂಟ್ರಾನ್ ಇವೆ. ಕೂಡಿದರೆ 235, ಎಡಗಡೆ ಯುರೇನಿಯಂ-235 ಮತ್ತು ನುಂಗಿದ ನ್ಯೂಟ್ರಾನ್ ಸೇರಿ 236 ಇದೆಯಲ್ಲ! ನ್ಯೂಟ್ರಾನ್ ಮೂರು ಹಾಕಿ.

ರಿಯಾಕ್ಟರಿನ ನೀರು ‘ತಂಪು ಮಾಡಲು ಮಾತ್ರ’ ಎಂದಿರುವುದೂ ಆ ಸುತ್ತಿಗೆಯದೇ ಕೆಲಸ. ಸರಾಸರಿ 20 ಲಕ್ಷ ಎಲೆಕ್ಟ್ರಾನ್ ವೋಲ್ಟಿನಲ್ಲಿ ಹುಟ್ಟುವ ನ್ಯೂಟ್ರಾನ್ 0.025ಕ್ಕೆ ಇಳಿಯಬೇಕು. ಅದನ್ನು ನಿಧಾನಿಸುವುದೂ ನೀರೇ: ನೀರಿನಲ್ಲಿರುವ, ಹೆಚ್ಚುಕಡಿಮೆ ತನ್ನಷ್ಟೇ ತೂಕದ ಹೈಡ್ರೋಜನ್ನಿಗೆ ತಾಗಿದರೆ ಸುಮಾರು 18 ಬಡಿತ ಸಾಕು, ಕಾರ್ಬನ್ನಾದರೆ ನೂರು ದಾಟುತ್ತದೆ. ಹೋಲಿಕೆ ಬೇಕೇ ಬೇಕೆಂದರೆ ಕೇರಂ ಇದೆ: ಕಾಯಿಗೆ ತಾಗಿದ ಸ್ಟ್ರೈಕರ್ ಸೊರಗುತ್ತದೆ, ಅಂಚಿಗೆ ತಾಗಿದ್ದು ಮರಳಿ ಬರುತ್ತದೆ.

ಟ್ರಾಂಬೆಯ ‘ಅಪ್ಸರಾ’ ರಿಯಾಕ್ಟರ್ ಕ್ರಿಟಿಕಲ್ ಆದ ದಿನ, 1956ರ ಆಗಸ್ಟ್ 4, ಸರಿಯಾಗಿದೆ. ಇಂಧನ ತಪ್ಪು. ಸಾದಾ ನೀರು ನ್ಯೂಟ್ರಾನುಗಳನ್ನು ಕಬಳಿಸುವುದರಿಂದ ಶೇ. 0.7ರಷ್ಟೇ 235 ಇರುವ ಸಹಜ ಯುರೇನಿಯಂ ಅಲ್ಲಿ ಸಾಲದು. ಅಪ್ಸರಾದ್ದು ಸಂವರ್ಧಿತ, ಎಂದರೆ 235ರ ಪಾಲು ಹೆಚ್ಚಿಸಿದ, ಯುರೇನಿಯಂ. ಪಕ್ಕದ ‘ಧ್ರುವ’ ರಿಯಾಕ್ಟರಿಗೆ ಸಹಜ ಯುರೇನಿಯಂ ಸಾಕಾಗುವುದು ನ್ಯೂಟ್ರಾನುಗಳನ್ನು ಅಷ್ಟಾಗಿ ಕಬಳಿಸದ ಭಾರಜಲದಿಂದ. ಅಂದಹಾಗೆ, ಕ್ರಿಟಿಕಲ್ ಎಂದರೆ ಅಪಾಯವಲ್ಲ, ಸರಪಳಿ ಕ್ರಿಯೆ ಒಂದೇ ಸಮನೆ ಸಾಗುವ ಸ್ಥಿತಿ.

ಹತೋಟಿಯ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಶೇ. 0.65ರಷ್ಟು ನ್ಯೂಟ್ರಾನುಗಳು ಹೋಳುಗಳಿಂದ ತಡವಾಗಿ, ಕೆಲವಂತೂ ನಿಮಿಷದ ಹೊತ್ತಿಗೆ, ಹೊರಬರುತ್ತವೆ. ಅವಿಲ್ಲದಿದ್ದರೆ ನ್ಯೂಟ್ರಾನ್ ಹೀರುವ ನಿಯಂತ್ರಣ ಕಡ್ಡಿ ಸರಿಸುವಷ್ಟೂ ಪುರುಸೊತ್ತು ಸಿಗದು. ಇದಕ್ಕೊಂದು ಪ್ಯಾರಾ ಕೊಡಿ. ಜಾಗಕ್ಕಾಗಿ ಕೊನೆಯ ಅಣುಬಾಂಬಿನ ಕವಿತೆ ತೆಗೆಯಿರಿ.

ಮತ್ತೆ ಕಳಿಸುವಾಗ ಸಮೀಕರಣವನ್ನು ಟೈಪ್ ಮಾಡಿಯೇ ಕಳಿಸಿ, ಕೈಬರಹದ ಫೋಟೊದಲ್ಲಿ 235, 238 ಎರಡೂ ಒಂದೇ ಥರ ಕಾಣುತ್ತಿವೆ.

ಸಂಪಾದಕ