ರಿಪೇರಿ ಮೇಜು: ಸಿಲ್ವರ್ ಮರ ದಾಟಿದರೆ ಡ್ರೋನ್ ಚಿತ್ರ ಒಡೆಯುತ್ತೆ, ಏನು ಮಾಡಲಿ?

ಪ್ರಶ್ನೆ: ಸಾರ್, ನಾನು ಮೂಡಿಗೆರೆ ತಾಲ್ಲೂಕು ಬಣಕಲ್ ಕಡೆಯವನು, ಡಿಪ್ಲೊಮಾ ಓದುತ್ತಿದ್ದೇನೆ. ಐದಿಂಚು ಪ್ರೊಪೆಲರಿನ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾಗೆ ಕಾಣುವುದನ್ನು ಗಾಗಲ್ಸ್‌ನಲ್ಲಿ ನೋಡುತ್ತಾ ಹಾರಿಸುವಂಥದ್ದು) ನಾನೇ ಜೋಡಿಸಿದ್ದೇನೆ. ಅನಲಾಗ್ ವಿಡಿಯೊ, ಡ್ರೋನಿನಿಂದ ಚಿತ್ರ ಕಳಿಸುವ ವಿಟಿಎಕ್ಸ್ 400 ಮಿಲಿವ್ಯಾಟ್. ಕಾಫಿ ಕಣದಲ್ಲಿ ನಿಂತು ಹಾರಿಸುತ್ತೇನೆ. ಸಿಲ್ವರ್ ಓಕ್ ಮರದ ಸಾಲು ದಾಟಿ ಗದ್ದೆ ಬಯಲಿಗೆ ಹೋದ ಕೂಡಲೇ ಗಾಗಲ್ಸ್‌ನಲ್ಲಿ ಚಿತ್ರ ಒಡೆಯುತ್ತೆ. ಮನೆಯವರಿಗೂ ಪರದೆಯಲ್ಲಿ ತೋರಿಸುವ ಆಸೆ ಇದೆ. ಅದಕ್ಕೇ ಸೂಟ್‌ಕೇಸಿನೊಳಗೆ ಡ್ರೋನಿನ ಚಿತ್ರ ಹಿಡಿದು ತೋರಿಸುವ ಒಂದು ಗ್ರೌಂಡ್ ಸ್ಟೇಷನ್ ಮಾಡೋಣ ಅಂತ. ಒಂದೂವರೆ ವ್ಯಾಟಿನ ಹೊಸ ವಿಟಿಎಕ್ಸ್, ಹತ್ತಿಂಚಿನ ಮಾನಿಟರ್, ಎರಡು ಆಂಟೆನಾ. ನಕ್ಷೆ ಜೊತೆಗಿಟ್ಟಿದ್ದೇನೆ. ಬ್ಯಾಟರಿ ಯಾವುದು ಹಾಕಲಿ?

ಉತ್ತರ: ನಕ್ಷೆ ಚೆನ್ನಾಗಿ ಬರೆದಿದ್ದೀಯ ತಮ್ಮಾ. ಆದರೆ ಆಂಟೆನಾ ಎರಡನ್ನೂ ಸೂಟ್‌ಕೇಸಿನ ಮುಚ್ಚಳಕ್ಕೆ ಕೂರಿಸಿದ್ದೀಯ, ಸೂಟ್‌ಕೇಸನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟಿದ್ದೀಯ. ಅಲ್ಲಿಗೆ ಆಂಟೆನಾ ಸೊಂಟದ ಎತ್ತರದಲ್ಲಿ ಉಳಿಯಿತು. ಮುಂದೆ ಕಾಫಿ ಗಿಡ, ಅದರ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್. ಎಷ್ಟು ದುಡ್ಡು ಸುರಿದರೂ ಆ ಜಾಗದಿಂದ ಚಿತ್ರ ಸರಿಹೋಗುವುದಿಲ್ಲ.

ಮೊದಲು ಒಂದೂವರೆ ವ್ಯಾಟಿನ ವಿಚಾರ. ಬಯಲಿನಲ್ಲೇ ಆದರೂ ದೂರ ಎರಡರಷ್ಟಾಗಬೇಕಾದರೆ ಪವರ್ ನಾಲ್ಕರಷ್ಟಾಗಬೇಕು. 400ರಿಂದ 1500 ಮಿಲಿವ್ಯಾಟಿಗೆ ಏರಿದರೆ ನಾಲ್ಕರಷ್ಟೂ ಆಗಲಿಲ್ಲ. ಎಲೆಯ ಅಡ್ಡ ಇದ್ದಾಗ ಆ ಲೆಕ್ಕವೂ ಸಿಗುವುದಿಲ್ಲ. ನಿನ್ನ ವಿಡಿಯೊ ಬರುವ 5.8 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ಎಲೆ, ರೆಂಬೆ, ಅದರ ಮೇಲಿನ ನೀರು ಎಲ್ಲವೂ ಅದನ್ನು ನುಂಗುತ್ತವೆ. ಬಣಕಲ್‌ನಲ್ಲಿ ಜೂನ್‌ನಿಂದ ಎಲೆ ಒಣಗುವುದು ಯಾವಾಗ, ನೀನೇ ಹೇಳು. ಹೊಸ ವಿಟಿಎಕ್ಸ್ ಬೇಡ. ಇರುವುದನ್ನೇ ಕಾಪಾಡಿಕೋ: ಆಂಟೆನಾ ಹಾಕದೆ ಒಂದು ನಿಮಿಷವೂ ಆನ್ ಮಾಡಬೇಡ, ಗಾಳಿಯಾಡದ ಮೇಜಿನ ಮೇಲೆ ಫುಲ್ ಪವರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡ.

ಮಾಡಬೇಕಾದದ್ದು ಆಂಟೆನಾಗೆ ಡ್ರೋನ್ ಕಾಣುವ ಹಾಗೆ ನೋಡಿಕೊಳ್ಳುವುದು. ಕಣ್ಣಿಗೆ ಎಳೆಯಷ್ಟು ಸಂದಿಯಲ್ಲಿ ಕಂಡರೆ ಸಾಲದು, ರೇಡಿಯೊ ಅಲೆಗೆ ಅಗಲವಾದ ದಾರಿ ಬೇಕು. ಡ್ರೋನ್ ಒಂದು ಕಿಲೋಮೀಟರ್ ದೂರದಲ್ಲಿದ್ದರೆ ನಡುದಾರಿಯಲ್ಲಿ ಸುತ್ತಲೂ ಮೂರೂವರೆ ಮೀಟರಿನಷ್ಟು ಜಾಗ ಬಹುಪಾಲು ಖಾಲಿ ಇರಬೇಕು. ಸಿಲ್ವರ್ ಮರಕ್ಕಿಂತ ಎತ್ತರದ ಕಂಬ ನೀನು ನೆಡಲಾರೆ. ಹೊತ್ತುಕೊಂಡು ಹೋಗುವಂಥ ಸ್ಟೇಷನ್ ಮಾಡುವುದೇ ಕಣ ಬಿಟ್ಟು ಗದ್ದೆಯ ಅಂಚಿಗೆ ಹೋಗಿ ನಿಲ್ಲಲಿಕ್ಕೆ. ಮರದ ಸಾಲು ಬೆನ್ನ ಹಿಂದೆ ಬರಲಿ. ಇದನ್ನು ಒಪ್ಪಿಕೊಂಡರೆ ಮಿಕ್ಕದ್ದೆಲ್ಲ ತಾನಾಗಿ ತೀರ್ಮಾನವಾಗುತ್ತೆ: ಹತ್ತಿಂಚಿನ ಮಾನಿಟರ್ ಬೇಡ, ಏಳಿಂಚು ಸಾಕು, ದೊಡ್ಡ ಸೂಟ್‌ಕೇಸ್ ಬೇಡ, ಒಂದು ಕೈಯಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುವಷ್ಟು ಹಗುರ ಇರಲಿ.

ಈಗ ಕಂಬ. ಮೂರು ಮೀಟರ್ ಸಾಕು. ಇಲ್ಲಿ ಬಹಳ ಜನ ಒಂದು ಕೆಲಸ ಮಾಡುತ್ತಾರೆ: ರಿಸೀವರನ್ನು ಕೆಳಗೆ ಪೆಟ್ಟಿಗೆಯಲ್ಲಿಟ್ಟು, ಆಂಟೆನಾ ಮಾತ್ರ ಮೇಲೇರಿಸಿ, ನಡುವೆ ಸಣ್ಣ ಕೋಆಕ್ಸ್ ಕೇಬಲ್ ಎಳೆಯುತ್ತಾರೆ. ಆರ್‌ಜಿ-316ರಂಥ ಸಪೂರ ಕೇಬಲ್ 5.8 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಎರಡು ಡಿಬಿಗಿಂತ ಹೆಚ್ಚು ತಿನ್ನುತ್ತೆ. ಮೂರು ಮೀಟರ್ ಇಳಿಯುವಷ್ಟರಲ್ಲಿ ಬಂದ ಸಿಗ್ನಲ್ಲಿನ ಕಾಲು ಭಾಗ ಉಳಿದರೆ ಪುಣ್ಯ. ಎತ್ತರದಿಂದ ಗಳಿಸಿದ್ದನ್ನೆಲ್ಲ ಕೇಬಲ್ಲಿಗೆ ಸುರಿದ ಹಾಗಾಯಿತು.

ಡಿಶ್ ಬರುವ ಮುಂಚೆ ನಾನು ಸಕಲೇಶಪುರ ಕಡೆಯ ತೋಟದ ಮನೆಗಳಿಗೆ ಟಿವಿ ಆಂಟೆನಾ ಕಟ್ಟುತ್ತಿದ್ದೆ. ಬೂಸ್ಟರನ್ನು ಟಿವಿಯ ಪಕ್ಕದ ಸ್ಟ್ಯಾಂಡಿನಲ್ಲಿಟ್ಟರೆ ಚುಕ್ಕಿಯೇ ದೊಡ್ಡದಾಗಿ ಬರುತ್ತಿತ್ತು. ಕಂಬದ ತುದಿಗೆ, ಆಂಟೆನಾ ಬುಡಕ್ಕೇ ಕಟ್ಟಿದರೆ ಚಿತ್ರ ಬರುತ್ತಿತ್ತು. ನಿನ್ನದೂ ಅದೇ ಲೆಕ್ಕ. ರಿಸೀವರನ್ನೇ ಕಂಬದ ಮೇಲೆ ಕಟ್ಟು, ಆಂಟೆನಾ ನೇರ ಅದಕ್ಕೇ ತಿರುಪಿಕೊಳ್ಳಲಿ. ಕೆಳಗೆ ಇಳಿಯಬೇಕಾದದ್ದು ಮೂರೇ: ವಿಡಿಯೊ, 12 ವೋಲ್ಟ್, ಗ್ರೌಂಡ್. ವಿಡಿಯೊಗೆ ಸಿಸಿಟಿವಿಯವರು ಎಳೆಯುವ 75 ಓಮ್ ಕೇಬಲ್ ಸಾಕು, ಮೂರು ಮೀಟರಲ್ಲ, ಮೂವತ್ತು ಮೀಟರ್ ಆದರೂ ಅದಕ್ಕೆ ಲೆಕ್ಕವಿಲ್ಲ. ಮಳೆ ಹನಿ ಬಿದ್ದರೆ ಇರಲಿ ಅಂತ ರಿಸೀವರಿಗೆ ಪ್ಲಾಸ್ಟಿಕ್ ಡಬ್ಬಿ ಮುಚ್ಚು, ತಗಡಿನದ್ದು ಬೇಡ.

ಕಂಬಕ್ಕೆ ಅಡಿಕೆ ಕೊಯ್ಯುವ ದೋಟಿ ಆಗುತ್ತಾ ಅಂತ ನೀನು ಕೇಳಿಲ್ಲ, ಕೇಳೇ ಕೇಳುತ್ತೀಯ. ಕಾರ್ಬನ್ ಫೈಬರ್ ದೋಟಿ ಹಗುರ ನಿಜ, ಆದರೆ ಕಾರ್ಬನ್ ರೇಡಿಯೊ ಅಲೆಯನ್ನು ತಡೆಯುತ್ತೆ. ಆಂಟೆನಾ ದೋಟಿಯ ತುದಿಯಿಂದ ಪೂರ್ತಿ ಮೇಲೆ ಇರಬೇಕು, ಪಕ್ಕದಲ್ಲಿ ಅಲ್ಲ. ಇನ್ನೊಂದು, ಅದು ಕರೆಂಟನ್ನೂ ಹರಿಸುತ್ತೆ. ಗದ್ದೆಯ ಮೇಲೆ ಹಾದುಹೋಗುವ ಲೈನಿನ ಹತ್ತಿರ ದೋಟಿ ಎತ್ತಲೇಬಾರದು. ನನ್ನನ್ನು ಕೇಳಿದರೆ ಬಿದಿರು ಗಳವೇ ವಾಸಿ, ದುಡ್ಡೂ ಬೇಕಿಲ್ಲ.

ಆಂಟೆನಾ ಎರಡು ಅಂದಿದ್ದೀಯ, ಸರಿ. ಎರಡರಲ್ಲಿ ಚೆನ್ನಾಗಿ ಹಿಡಿಯುವ ಆಂಟೆನಾವನ್ನು ತಾನೇ ಆರಿಸಿಕೊಳ್ಳುವ ಡೈವರ್ಸಿಟಿ ರಿಸೀವರಿಗೆ ಒಂದು ಕಡೆ ಒಂದೇ ದಿಕ್ಕಿಗೆ ನೋಡುವ ಪ್ಯಾಚ್, ಇನ್ನೊಂದು ಕಡೆ ಸುತ್ತಲೂ ಹಿಡಿಯುವ ಓಮ್ನಿ ಹಾಕು. ಪ್ಯಾಚ್ ಗದ್ದೆಯ ಕಡೆ ಮುಖ ಮಾಡಲಿ. ಡ್ರೋನ್ ತಲೆಯ ಮೇಲೆ, ಬೆನ್ನ ಹಿಂದೆ ಬಂದಾಗ ಓಮ್ನಿ ನೋಡಿಕೊಳ್ಳುತ್ತೆ. ಎರಡು ಸಂಗತಿ ಅಂಗಡಿಯಲ್ಲೇ ನೋಡಿ ತಗೋ. ಒಂದು, ಡ್ರೋನಿನ ಮೇಲಿರುವ ಆಂಟೆನಾ ಅಲೆಯನ್ನು ಬಲಕ್ಕೆ ಸುತ್ತಿಸುತ್ತಾ ಕಳಿಸುವ ಬಲಸುತ್ತಿನದಾದರೆ, ಅಂದರೆ ಆರ್‌ಎಚ್‌ಸಿಪಿ ಆದರೆ, ಕೆಳಗಿನ ಎರಡೂ ಆರ್‌ಎಚ್‌ಸಿಪಿ ಆಗಿರಬೇಕು. ಒಂದು ಎಡಸುತ್ತಿನದಾದರೂ ಆ ಆಂಟೆನಾ ಇದ್ದೂ ಇಲ್ಲದಂತೆ. ತಗಡಿನ ಚಾವಣಿಗೆ, ನೀರು ನಿಂತ ಗದ್ದೆಗೆ ಬಡಿದು ಬರುವ ಅಲೆಯ ಸುತ್ತು ತಿರುಗುಮುರುಗಾಗಿರುತ್ತೆ, ಅದನ್ನು ಒಳಗೆ ಬಿಡದಿರಲಿಕ್ಕೇ ಈ ಸುತ್ತಿನ ವ್ಯವಸ್ಥೆ. ಎರಡು, ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಅನ್ನುವ ಎರಡು ಬಗೆಯ ಆಂಟೆನಾ ಕನೆಕ್ಟರ್. ಹೊರಗಿನ ತಿರುಪು ಒಂದೇ, ಸರಾಗವಾಗಿ ಕೂರುತ್ತೆ. ಒಳಗೆ ಬೆಳಕು ಬಿಟ್ಟು ನೋಡು: ಒಂದು ಕಡೆ ಸೂಜಿ, ಇನ್ನೊಂದು ಕಡೆ ತೂತು ಇರಬೇಕು. ಎರಡೂ ಕಡೆ ತೂತೇ ಇದ್ದರೆ ಕನೆಕ್ಷನ್ನೇ ಆಗಿಲ್ಲ. ರಿಸೀವರಿನಲ್ಲಾದರೆ ಚಿತ್ರ ಬರುವುದಿಲ್ಲ ಅಷ್ಟೇ, ವಿಟಿಎಕ್ಸ್‌ನಲ್ಲಾದರೆ ಸುಟ್ಟೇ ಹೋಗಬಹುದು.

ಮಾನಿಟರ್ ಕೊಳ್ಳುವಾಗ ಸಿಗ್ನಲ್ ಇಲ್ಲದ ಚಾನೆಲ್‌ಗೆ ಹಾಕಿ ತೋರಿಸಿ ಅನ್ನು. ಪರದೆ ನೀಲಿಗೆ ತಿರುಗಿದರೆ ವಾಪಸ್ ಕೊಡು. ಸಿಗ್ನಲ್ ಕುಂದಿದಾಗ ಚುಕ್ಕಿಯ ನಡುವೆಯಾದರೂ ಮರ ಯಾವುದು ಆಕಾಶ ಯಾವುದು ಗೊತ್ತಾಗಬೇಕು. ನೀಲಿ ಪರದೆ ಅದೇ ಗಳಿಗೆಯಲ್ಲಿ ಕಣ್ಣು ಕಟ್ಟುತ್ತೆ. ಗಾಗಲ್ಸ್‌ಗೂ ಇದೇ ರಿಸೀವರಿನಿಂದ ಎವಿ-ಇನ್‌ಗೆ ವಿಡಿಯೊ ಕೊಡು, ಕಂಬದ ಎತ್ತರದ ಲಾಭ ನಿನಗೂ ಸಿಗಲಿ. ಒಂದೇ ವೈರನ್ನು ಕವಲು ಮಾಡಿ ಎರಡಕ್ಕೂ ಕೊಟ್ಟರೆ ಎರಡೂ ಮಂಕಾಗುತ್ತವೆ. ಎರಡು ಎವಿ-ಔಟ್ ಇರುವ ರಿಸೀವರ್ ತಗೋ, ಇಲ್ಲವೇ ಸಿಸಿಟಿವಿ ಅಂಗಡಿಯಲ್ಲಿ ಸಣ್ಣ ವಿಡಿಯೊ ಡಿಸ್ಟ್ರಿಬ್ಯೂಟರ್ ಕೇಳು. ಮುಂದೆ ಡಿಜಿಟಲ್‌ಗೆ ಹೋದರೆ ಈ ಎವಿ ವೈರಿನ ಉಪಾಯ ನಡೆಯುವುದಿಲ್ಲ, ಆ ಕಂಪನಿಯ ರಿಸೀವರೋ ಗಾಗಲ್ಸೋ ಕೊಡುವ ಎಚ್‌ಡಿಎಂಐ ಮೇಲೇ ನಿಲ್ಲಬೇಕು.

ಬ್ಯಾಟರಿಗೆ ಡ್ರೋನಿನ ಲಿಪೊ ವ್ಯರ್ಥ ಮಾಡಬೇಡ. 18650 ಲಿಥಿಯಂ-ಅಯಾನ್ ಸೆಲ್ ಎರಡೆರಡನ್ನು ಪ್ಯಾರಲಲ್ ಮಾಡಿ, ಅಂಥ ಮೂರು ಜೋಡಿ ಸೀರೀಸ್‌ನಲ್ಲಿ, ಒಟ್ಟು ಆರು, ಸೆಲ್‌ಗಳನ್ನು ಕಾಯುವ ಬಿಎಂಎಸ್ ಬೋರ್ಡ್ ಸಮೇತ. ಸೆಲ್ 3000 ಎಂಎಎಚ್ ಅಂದುಕೊಂಡರೆ ಸುಮಾರು 65 ವ್ಯಾಟ್-ಅವರ್. ಏಳಿಂಚಿನ ಪರದೆ ಹತ್ತು ವ್ಯಾಟ್, ರಿಸೀವರ್ ಮೂರು ಅಂದರೂ ನಾಲ್ಕು ಗಂಟೆಗೆ ಮೋಸವಿಲ್ಲ. ಸೆಲ್ ಮೇಲೆ 9900 ಎಂಎಎಚ್ ಅಂತ ಅಚ್ಚಾಗಿದ್ದರೆ ಅದು ಹಸಿ ಸುಳ್ಳು. ಆ ಗಾತ್ರದ ಒಳ್ಳೆಯ ಸೆಲ್ 3500ರ ಆಸುಪಾಸಿನಲ್ಲೇ ನಿಲ್ಲುತ್ತೆ. ಫುಲ್ ಚಾರ್ಜ್ ಆದಾಗ 12.6 ವೋಲ್ಟ್ ಇರುತ್ತೆ, ಮಾನಿಟರ್ ಅಷ್ಟನ್ನು ತಡೆಯುತ್ತಾ ಅಂತ ಹಿಂಬದಿಯ ಚೀಟಿ ಓದು. ಚಿತ್ರದಲ್ಲಿ ಓರೆ ಗೆರೆಗಳು ಓಡಿದರೆ ಅದು ವೋಲ್ಟ್ ಇಳಿಸುವ ಅಗ್ಗದ ಬಕ್ ಕನ್ವರ್ಟರಿನ ಗಲಾಟೆ, ರಿಸೀವರಿನ ಪವರ್ ವೈರಿಗೆ 1000 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಬೆಸೆದು ನೋಡು. ಪ್ಲಸ್-ಮೈನಸ್ ನೋಡಿಕೊಂಡು.

ಪೆಟ್ಟಿಗೆ ಯಾವುದಾದರೂ ಆದೀತು. ರಬ್ಬರ್ ಅಂಚಿನ ಟೂಲ್ ಬಾಕ್ಸ್ ಸಾಕು.

ಪ್ರಶ್ನೆ: ನಾನು ಬೇಲೂರಿನ ನಿವೃತ್ತ ಶಿಕ್ಷಕ. ಮೊಮ್ಮಗ ರಜೆಗೆ ಬಂದಾಗ ಎಫ್‌ಪಿವಿ ಡ್ರೋನ್ ತರುತ್ತಾನಂತೆ. ಕೇಶವ ದೇವಾಲಯದ ಮೇಲೆ ಹಾರಿಸಿ ನಮಗೆಲ್ಲ ಟಿವಿಯಲ್ಲಿ ತೋರಿಸುತ್ತೇನೆ ಅನ್ನುತ್ತಾನೆ. ಕಾನೂನು ಒಪ್ಪುತ್ತದೆಯೇ?

ಉತ್ತರ: ಮೇಷ್ಟ್ರೇ, ದೇವಸ್ಥಾನದ ಮೇಲೆ ಬೇಡ ಅಂತ ಈಗಲೇ ಫೋನಿನಲ್ಲಿ ಹೇಳಿಬಿಡಿ. ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ, 2023ರಿಂದ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೊ ಪಟ್ಟಿಯಲ್ಲೂ ಇದೆ. ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಡ್ರೋನ್ ಎತ್ತುವಂತಿಲ್ಲ. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಕೆಳಗೆ ಜನ, ಪಕ್ಕದಲ್ಲಿ ಮದನಿಕೆಯರು. ಐದಿಂಚಿನ ಪ್ರೊಪೆಲರ್ ಯಾರಿಗೆ ತಾಗಿದರೂ ಕಷ್ಟವೇ.

ಬೇರೆ ಕಡೆ ಹಾರಿಸಲು ಅಡ್ಡಿಯಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ ಎರಡು ಕೆ.ಜಿ.ವರೆಗೆ ಮೈಕ್ರೊ. ಐದಿಂಚಿನದು ಬ್ಯಾಟರಿ ಸೇರಿದರೆ ಮೈಕ್ರೊ ಆಗುತ್ತೆ. ಸಂಪಾದನೆಗಲ್ಲದೆ ಹಾರಿಸಿದರೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ, ಆದರೆ ನೋಂದಣಿ ಮಾಡಿಸಿ ಯುಐಎನ್ ನಂಬರ್ ಪಡೆಯಬೇಕು. ಸರ್ಕಾರದ ನಕ್ಷೆಯಲ್ಲಿ ಹಸಿರು ಬಣ್ಣ ಇರುವ ಕಡೆ 400 ಅಡಿ ಎತ್ತರದವರೆಗೆ ಬಿಡುತ್ತಾರೆ. ಗಾಗಲ್ಸ್ ಹಾಕಿಕೊಂಡವನಿಗೆ ಸುತ್ತಲಿನದು ಕಾಣುವುದಿಲ್ಲವಾದ್ದರಿಂದ ಪಕ್ಕದಲ್ಲಿ ಒಬ್ಬರು ನಿಂತು ಬರಿಗಣ್ಣಿನಲ್ಲಿ ಡ್ರೋನನ್ನೇ ನೋಡುತ್ತಿರಬೇಕು. ಆ ಕೆಲಸ ನೀವೇ ಮಾಡಬಹುದು ಮೇಷ್ಟ್ರೇ, ಪರದೆ ಮುಂದೆ ಕೂರುವುದಕ್ಕಿಂತ ಅದರಲ್ಲೇ ಮಜಾ ಇದೆ. ಆನೆ ಬಂದಿದೆ ಅಂತ ಸುದ್ದಿ ಇರುವ ದಿನ ಮಾತ್ರ ಆ ಕಡೆ ಡ್ರೋನ್ ಬಿಡಿಸಬೇಡಿ. ಸದ್ದಿಗೆ ಬೆದರಿದ ಆನೆ ಯಾರ ತೋಟಕ್ಕೆ ನುಗ್ಗುತ್ತೋ ಹೇಳಲಾಗದು.

ಪ್ರಶ್ನೆ: ಹಾಸನದ ಎಂಸಿಎಫ್‌ನ (ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ) ದೊಡ್ಡ ಡಿಶ್‌ಗಳನ್ನು ಸಾಲಗಾಮೆ ರಸ್ತೆಯಲ್ಲಿ ದಿನಾ ನೋಡುತ್ತೇನೆ. ನನ್ನ ಪ್ಯಾಚ್ ಆಂಟೆನಾ ಡ್ರೋನ್ ಹೋದ ಕಡೆ ತಾನೇ ತಿರುಗುವ ಹಾಗೆ ಟ್ರ್ಯಾಕರ್ ಮಾಡಬಹುದಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಉತ್ತರ: ಮಾಡಬಹುದು. ಡ್ರೋನಿನ ಜಿಪಿಎಸ್ ಸ್ಥಾನ ಟೆಲಿಮೆಟ್ರಿಯಲ್ಲಿ, ಅಂದರೆ ಡ್ರೋನ್ ಕಳಿಸುವ ಮಾಹಿತಿಯಲ್ಲಿ, ಕೆಳಗೆ ಬರುತ್ತೆ, ಸ್ಟೇಷನ್ನಿನ ಜಾಗ ಗೊತ್ತಿರುತ್ತೆ, ಎರಡರಿಂದ ದಿಕ್ಕು ಮತ್ತು ಕೋನ ಲೆಕ್ಕ ಹಾಕಿ ಎರಡು ಸರ್ವೊ ಮೋಟರ್ ತಿರುಗಿಸಬೇಕು. ಆದರೆ ಎಂಸಿಎಫ್‌ನವರ ಕಷ್ಟವೇ ಬೇರೆ, ನಿಮ್ಮ ಕಷ್ಟವೇ ಬೇರೆ. 1982ರಿಂದ ಅವರು ನೋಡಿಕೊಳ್ಳುತ್ತಿರುವ ಭೂಸ್ಥಿರ ಉಪಗ್ರಹಗಳು 36,000 ಕಿ.ಮೀ. ದೂರದಲ್ಲಿದ್ದರೂ ಆಕಾಶದಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತವೆ. ನಿಮ್ಮ ಡ್ರೋನ್ ತಲೆಯ ಮೇಲೆ ಹಾದಾಗ ಟ್ರ್ಯಾಕರ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅರ್ಧ ಸುತ್ತು ತಿರುಗಬೇಕು, ಅಗ್ಗದ ಸರ್ವೊಗೆ ಅದು ಆಗುವ ಮಾತಲ್ಲ. ಒಂದು ಕಿಲೋಮೀಟರಿನ ಆಟಕ್ಕೆ ಮೇಲೆ ಹೇಳಿದ ಪ್ಯಾಚ್-ಓಮ್ನಿ ಜೋಡಿಯೇ ಸಾಕು. ಪ್ರಾಜೆಕ್ಟ್ ಮಾರ್ಕ್ಸಿಗೆ ಬೇಕಾದರೆ ಟ್ರ್ಯಾಕರ್ ಮಾಡಿ, ಗೈಡ್‌ಗೆ ಖುಷಿಯಾಗುತ್ತೆ. ಪರೀಕ್ಷೆ ಮಾಡುವುದನ್ನು ಆ ಡಿಶ್‌ಗಳ ಹತ್ತಿರ ಮಾತ್ರ ಇಟ್ಟುಕೊಳ್ಳಬೇಡಿ, ಭೂವನಹಳ್ಳಿ ವಿಮಾನ ನಿಲ್ದಾಣದ ಕಡೆಯೂ ನಕ್ಷೆ ನೋಡದೆ ಹೋಗಬೇಡಿ.

ಪ್ರಶ್ನೆ: ಮಳೆಗಾಲ ಪೂರ್ತಿ ಹಾರಿಸಲಾಗುವುದಿಲ್ಲ. ಬ್ಯಾಟರಿಗಳನ್ನು ಚಾರ್ಜ್ ಮಾಡಿಟ್ಟರೆ ಸಾಕಾ? (ಕಳಸದ ಓದುಗರು)

ಉತ್ತರ: ಫುಲ್ ಚಾರ್ಜಿನಲ್ಲಿ ಇಡಬೇಡಿ, ಲಿಪೊ ಊದಿಕೊಳ್ಳುತ್ತೆ. ಸೆಲ್ಲಿಗೆ 3.8 ವೋಲ್ಟಿಗೆ ತಂದು, ಎಕ್ಸ್‌ಟಿ60 ಕನೆಕ್ಟರಿನ ಬಾಯಿಗೆ ಕ್ಯಾಪ್ ಹಾಕಿ, ಉರಿಯುವ ಸಾಮಾನಿನಿಂದ ದೂರ ತಗಡಿನ ಡಬ್ಬಿಯಲ್ಲಿಡಿ, ಮುಚ್ಚಳ ಬಿಗಿಯಾಗಿ ಒತ್ತಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತೆ ಅಂತ ಅಲ್ಲಿಡುವವರಿದ್ದಾರೆ, ಖಂಡಿತ ಬೇಡ. ಗಾಗಲ್ಸ್ ಮತ್ತು ಮಾನಿಟರನ್ನು ಸಿಲಿಕಾ ಜೆಲ್ ಹಾಕಿದ ಏರ್‌ಟೈಟ್ ಡಬ್ಬಿಯಲ್ಲಿಡಿ, ಕಳಸದ ಮಳೆಗೆ ಲೆನ್ಸಿಗೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ. ಯಾವುದಾದರೂ ಸೆಲ್ ಮೂರು ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.